ಸಾಲಿನ ಮೊದಲಿಗೆ ಫೈಲಿನ ಹೆಸರು

ಕಂಪ್ಯೂಟರಿಗೆ ಕೆಲಸ ಹೇಳುವ ನನ್ನ ಸ್ಕ್ರಿಪ್ಟುಗಳ ಪ್ರತಿ ಸಾಲೂ ‘ಕ್ಯಾಟ್’ ಎಂಬ ಕಮಾಂಡಿನಿಂದಲೇ ಶುರುವಾಗುತ್ತಿತ್ತು. ಅದು ಫೈಲನ್ನು ಓದಿ ಮುಂದಿನ ಕಮಾಂಡಿನ ಕೈಗೆ ಕೊಡುತ್ತದೆ, ಅಷ್ಟೇ. ಅದಿಲ್ಲದೆಯೂ ಕೆಲಸ ನಡೆಯುತ್ತದೆ. ಇದೇನು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು.

ಐಟಿ ಕೆಲಸಕ್ಕೆ ಊರಿಗೆ ಊರೇ ಮುಗಿಬಿದ್ದಿದ್ದ ಕಾಲ. ದಿಲ್‌ಸುಖ್‌ನಗರದಿಂದ ಬಸ್ಸು ಬದಲಿಸಿ ಆಫೀಸಿಗೆ ಹೋಗುತ್ತಿದ್ದೆ. ಇನ್ನೂ ಪ್ರೊಬೇಷನ್. ಕೆಲಸ ಖಾಯಂ ಮಾಡಬೇಕಾದವರು ಟೀಮ್ ಲೀಡ್, ಧಾರವಾಡದ ಕಡೆಯವರು. ಒಂದು ದಿನ ಎಲ್ಲರೆದುರು ನನ್ನ ಸ್ಕ್ರಿಪ್ಟ್ ತೆರೆದು ನಕ್ಕರು.

“ಏನ್ರೀ ಇದು, ಕೊಂಕಣ ಸುತ್ತಿ ಮೈಲಾರಕ್ಕ ಬಂದಂಗ! ಫೈಲ್ ನೇರ ಕೊಟ್ರ ಮುಗೀತಲ್ಲ. ಮಷೀನಿಗೆ ಸುಮ್ನ ಯಾಕ ಕೆಲಸ? ಎಲ್ಲಾ ತಗೀರಿ. ಇಲ್ಲಾಂದ್ರ ಖಾಯಂ ಮಾಡ್ರಿ ಅಂತ ನಾ ಬರಿಯಂಗಿಲ್ಲ.”

“ಮೈಲಾರ ಮುಟ್ಟತೈತಲ್ರಿ ಸರ್,” ಎಂದೆ.

ಒಂದು ಕಡೆ ಅವರ ಮಾತು ಸರಿಯಿತ್ತು. ಸಾವಿರಾರು ಚಿಕ್ಕ ಫೈಲುಗಳನ್ನು ಒಂದೊಂದಾಗಿ ನೋಡುವ ಲೂಪಿನೊಳಗೆ ಕ್ಯಾಟ್ ಪ್ರತಿ ಸಲ ಹೊಸದಾಗಿ ಎದ್ದು ಬರಬೇಕು, ವೇಳೆ ಹಿಡಿಯುತ್ತದೆ. ಅಲ್ಲಿ ನಾನೇ ತೆಗೆದೆ. ಉಳಿದ ಕಡೆ ಮುಟ್ಟಲಿಲ್ಲ. ನಮ್ಮಲ್ಲಿ ಬೆಳಿಗ್ಗೆ ಯಾರು ಮೊದಲು ಬರುತ್ತಾರೋ ಅವರೇ ಆ ದಿನದ ಫೈಲಿನ ಹೆಸರು ತುಂಬಿ ಸ್ಕ್ರಿಪ್ಟ್ ಓಡಿಸುವ ರೂಢಿ. ಕ್ಯಾಟ್ ಇದ್ದರೆ ಹೆಸರು ಸಾಲಿನ ಮೊದಲಿಗೇ ಇರುತ್ತದೆ, ಯಾರೂ ಹುಡುಕಬೇಕಿಲ್ಲ. ಮಷೀನಿನ ಕ್ಷಣ ಉಳಿಸಲು ಮನುಷ್ಯರ ತಲೆ ತಿನ್ನುವುದು ಯಾವ ಸೀಮೆಯ ಜಾಣತನ?

ಕೊನೆಗೆ ಲೀಡ್ ತಾವೇ ಕೂತು ಬದಲಿಸಿದರು. ಹೆಸರು ಸಾಲಿನ ಬಾಲಕ್ಕೆ ಹೋಯಿತು, ಅದಕ್ಕೆ ಮೊದಲು ಫೈಲನ್ನು ಓದಿಸುವ ಒಂದು ಬಾಣದ ಗುರುತು. ಫಲಿತಾಂಶ ಬರೆಸುವುದಕ್ಕೂ ಅಂಥದೇ ಬಾಣ, ಮುಖ ಮಾತ್ರ ಎದುರು ದಿಕ್ಕಿಗೆ. ಅದೇ ವಾರ ಬೆಳಿಗ್ಗೆ ಮೊದಲು ಬಂದ ನನ್ನ ತೆಲುಗು ಗೆಳತಿ ಹೆಸರು ತುಂಬುವಾಗ ಬಾಣವನ್ನು ಉಲ್ಟಾ ಹೊಡೆದಳು. ಬರೆಸುವ ಬಾಣ ಮೊದಲು ಫೈಲಿನಲ್ಲಿದ್ದದ್ದನ್ನು ಅಳಿಸುತ್ತದೆ; ಓದಬೇಕಾದ ಫೈಲೇ ಖಾಲಿ! ಬೇರೆ ಮಷೀನಿನಲ್ಲಿ ಅದರ ಪ್ರತಿ ಇತ್ತು, ಬಚಾವಾದೆವು. ಅವಳ ಅಳು ಮಾತ್ರ ನಿಲ್ಲಲಿಲ್ಲ.

“ಆಕಿ ತಪ್ಪು,” ಎಂದರು ಲೀಡ್.

ನನಗೆ ಮೈಯೆಲ್ಲ ಉರಿಯಿತು. “ಆಕೀದಲ್ರಿ ಸರ್. ಕ್ಯಾಟ್ ಇದ್ದಾಗ ಒಮ್ಮೆರ ಫೈಲ್ ಅಳಿಸಿತ್ತೇನ್ರಿ?”

ಅವರೆದುರೇ ಕೂತು ಹಳೆಯ ಸಾಲುಗಳನ್ನು ವಾಪಸ್ ಬರೆದೆ. ಮೇಲೆ ನನ್ನ ಹೆಸರನ್ನೂ ಹಾಕಿದೆ, ಬೈಯುವವರಿಗೆ ಹುಡುಕಾಟ ಬೇಡವೆಂದು.

ನನ್ನ ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದಕ್ಕೆ ಹೋಯಿತು. ಹೋಗಲಿ. ಆಮೇಲೆ ಬೆಳಿಗ್ಗೆ ಬಂದವರು ಯಾರೂ ಆ ಸ್ಕ್ರಿಪ್ಟಿನ ಮುಂದೆ ಕೂತು ಅಳಲಿಲ್ಲ.