ನನ್ ಷಡ್ಕನ ಗಡ್ಡ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಲ್ಲಿ ಪುಟ್ಮಾದನ ಗಡ್ಡ ಕಂಡಿದ್ದೇ ತಡ, ನನ್ ಒಟ್ಟೆ ಧಗಧಗ ಉರ್ದೋಯ್ತು. ಬಾಳೆಹಣ್ಣಿನ ಗಾಡಿ ಮುಂದೆ ನಿಂತ್ಕಂಡು ಕೂಗ್ತಿದ್ದ. ಕತ್ತು ಮುಚ್ಚೋವಷ್ಟು ಗಡ್ಡ.

ಅವ್ನು ನನ್ ಷಡ್ಕ. ಅಕ್ಕನ್ನ ನಾನು, ತಂಗೀನ ಅವ್ನು, ಬೇಗೂರಲ್ಲಿ ಒಂದೇ ಚಪ್ಪರದಲ್ಲಿ ತಾಳಿ ಕಟ್ಟಿದ್ದು. ಅವ್ನಿಗೆ ಎರಡು ಗಂಡು ಆದೋ. ನನ್ಗೆ ಐದು ವರ್ಸ ಆದ್ರೂ ಒಂದಿಲ್ಲ. ನಮ್ ಕಡೆ ಎಂಡ್ತಿ ಬಸ್ರಿ ಆದ್ರೆ ಗಂಡ ಗಡ್ಡ ತೆಗ್ಸಾಕಿಲ್ಲ. ಸರಿ, ಮೂರನೇದು ಅಂತ ತಿಳ್ಕಂಡೆ. ಅವ್ನ ಮಾತಾಡ್ಸ್ದೆ ಬಸ್ ಅತ್ತಿ ನಮ್ಮೂರು ಉಮ್ಮತ್ತೂರಿಗೆ ಬಂದ್ಬುಟ್ಟೆ. ಸಿದ್ದಮ್ಮನ ಕೇಳಾಕೂ ಬಾಯಿ ಬರ್ನಿಲ್ಲ. ಅವ್ಳು ನನ್ ಎಂಡ್ತಿ.

ನನ್ ಕಷ್ಟ ಏನು ಅಂತ ನಾಚ್ಕೆ ಬುಟ್ಟು ಯೋಳ್ತೀನಿ, ಮಾದಪ್ಪನ ಒಕ್ಕಲುಗಳೇ. ನಾನು ಚಾಮರಾಜನಗರದಲ್ಲಿ ಮೂಟೆ ಹೊರೋನು. ಎಡಗಡೆ ಬೀಜದ್ ಮೇಲೆ ನರ ಊದ್ಕಂಡು ಬಳ್ಳಿ ಸುತ್ಕಂಡಂಗೆ ಆಗಿತ್ತು. ರಾಜ್ಯ ಒಂದಾದ ಮಾರನೇ ವರ್ಸ, ಶಿವರಾತ್ರಿ ಕಳುದ್ಮೇಲೆ ಮೈಸೂರಲ್ಲಿ ಕುಯ್ದು ನರ ಕಟ್ಟಿದ್ರು.

"ಬೀಜ ಚೇತರಿಸ್ಕೋಬೇಕು, ಹಾರ್ಮೋನು ಏರ್ಬೇಕು, ಆರು ತಿಂಗ್ಳು ಕಾಯಯ್ಯ" ಅಂದ್ರು ಡಾಕ್ಟ್ರು.

ನನ್ಗೆ ಗೊತ್ತಿದ್ದುದು ನಾಟ್ಕದೋರ ಹಾರ್ಮೋನಿಯಂ ಒಂದೇ. "ಅದ್ಯಾಕ್ ಸಾಮಿ ನನ್ಗೆ?" ಅಂದೆ.

ಡಾಕ್ಟ್ರು ನಕ್ಬುಟ್ರು. "ಬಾರಿಸೋದಲ್ಲ ಕಣಯ್ಯ. ರಕ್ತದಲ್ಲಿ ಓಡಾಡೋ ರಸ. ಗಂಡಸ್ತನ ನಡೆಸೋದು ಅದು. ಅದನ್ನ ಅಳೆಯೋಕೆ ಇಲ್ಲಿ ಸಾಮಾನಿಲ್ಲ" ಅಂದ್ರು.

ಆರು ತಿಂಗ್ಳಾದ್ಮೇಲೆ ಓಗಿ ತೋರ್ಸ್ದೆ. ನನ್ ವೀರ್ಯವ ಗಾಜಿನ ಮೇಲೆ ಇಟ್ಟು ನೋಡಿ, "ಅಲ್ಲೊಂದು ಇಲ್ಲೊಂದು ಆಡ್ತವೆ. ಇನ್ನೂ ಕಾಯಿ" ಅಂದ್ರು. ಅವತ್ತೇ ಚಾಮರಾಜನಗರದ ಬಸ್ ತಪ್ಪೋಗಿ ಗುಂಡ್ಲುಪೇಟೆ ಮೇಲೆ ಬಂದಿದ್ದು. ಅವತ್ತೇ ಆ ಗಡ್ಡ ಕಂಡಿದ್ದು.

ಸೋಮವಾರ ಮಾದಪ್ಪನ ಗುಡೀಲಿ ನಿಂತ್ಕಂಡೆ. "ನನ್ಗೆ ಕೊಡ್ದಿದ್ರೆ ಬುಡಪ್ಪ. ಅವ್ನಿಗೆ ಮಾತ್ರ ಮೂರನೇದು ಕೊಡ್ಬೇಡ" ಅಂದೆ. ಹಿಂಗೇ ಅಂದೆ. ಸುಳ್ಳು ಯಾಕೆ ಯೋಳ್ಲಿ?

ದೀಪಾವಳಿಗೆ ಪುಟ್ಮಾದ ಒಂದು ಗೊನೆ ಹೊತ್ಕಂಡು ನಮ್ಮನೆಗೇ ಬಂದ. ಗಡ್ಡ ಇನ್ನೂ ಬೆಳ್ದಿತ್ತು. ಬಾಗ್ಲಲ್ಲೇ ಕೇಳ್ದೆ, "ಎಷ್ಟು ತಿಂಗ್ಳಲಾ?"

"ಯಾರ್ಗ್ಲಾ?"

"ನಿನ್ ಎಂಡ್ತಿಗೆ ಕಣ್ಲಾ! ಊರೆಲ್ಲ ಗಡ್ಡ ತೋರ್ಸ್ಕಂಡು ತಿರುಗ್ತಿದ್ದೀಯಲ್ಲ!"

ಗೊನೆ ಕೆಳಗಿಟ್ಟ. "ಅವ್ಳಿಗೇನೂ ಇಲ್ಲ. ಈ ಗಡ್ಡ ನಿಂದು ಕಣ್ಲಾ" ಅಂದ.

"ನಂದಾ?"

"ನಿನ್ನ ಕುಯ್ದ ದಿನ ಮಾದಪ್ಪಂಗೆ ಅರಕೆ ಕಟ್ಕಂಡೆ. ಸಿದ್ದಕ್ಕಂಗೆ ಮಗ ಆಗಗಂಟ ಕತ್ತಿ ಮುಟ್ಸಾಕಿಲ್ಲ ಅಂತ. ಬಿರ್ರನೆ ಏನಾರ ಮಾಡ್ಲಾ, ಕೆರೆತ ತಡ್ಯಾಕಾಯ್ತಿಲ್ಲ. ಹಣ್ಣು ತಗಳೋರೆಲ್ಲ ಸಾಮೀಜಿ ಅಂತಾರೆ."

ಒಳ್ಗಡೆ ಸಿದ್ದಮ್ಮ ನಕ್ಳು. ಆಮೇಲೆ ಅತ್ಳು. ಅವ್ಳಿಗೆ ಮೊದ್ಲೇ ಗೊತ್ತಿತ್ತಂತೆ. ನಾನು ಗೊನೆ ಎತ್ಕಂಡು ಒಳಕೋದೆ.

ಮುಂದ್ಲ ಸೋಮವಾರ ಗುಡಿಗೋಗಿ, "ಅವತ್ತು ಅಂದುದ್ನ ವಾಪಸ್ ತಗಂಡೆ ಕಣಪ್ಪ" ಅಂದು ಅಡ್ಡ ಬಿದ್ದೆ. ಬೇರೆ ಏನೂ ಕೇಳ್ನಿಲ್ಲ.

ಸಂಕ್ರಾಂತಿ ದಿನ ಅವರೆಕಾಯಿ ಸಾರಿನ ವಾಸ್ನೆಗೆ ಸಿದ್ದಮ್ಮ ಹಿತ್ತಲಿಗೆ ಓಡಿ ಓಗಿ ವಾಂತಿ ಮಾಡ್ಕಂಡ್ಳು. ಅವತ್ತಿಂದ ನಾನೂ ಗಡ್ಡ ಬುಟ್ಟೆ.

ಮಗಳು ಹುಟ್ಟುದ್ಳು. "ಮಗ ಅಂದಿದ್ದೆ, ನಡೀತದಾ?" ಅಂತ ಪುಟ್ಮಾದ ಕೇಳ್ದ. "ನಡೀತದೆ, ಕುಂತ್ಕಳ್ಲಾ" ಅಂದೆ. ಮಾದಪ್ಪನ ಬೆಟ್ಟದಲ್ಲಿ ಒಂದೇ ಕಲ್ಲ ಮೇಲೆ ಕುಂತು ಇಬ್ರೂ ಬೋಳಿಸ್ಕಂಡೊ. ಕೆಳಗೆ ಬಿದ್ದಿದ್ದ ಅವ್ನ ಕೂದ್ಲು ನಂದ್ಕಿಂತ ಎರಡರಷ್ಟಿತ್ತು. ಅದ ನೋಡಿ ವಸಿ ಒಟ್ಟೆ ಉರೀತು, ಇಲ್ಲ ಅನ್ನಾಕಿಲ್ಲ.

ನರ ಕಟ್ಟಿದ ಡಾಕ್ಟ್ರಿಗೆ ಕೈ ಮುಗೀತೀನಿ. ಮಾದಪ್ಪ ಪುಟ್ಮಾದನ ಮಾತ ಕೇಳ್ದ, ಅದಕ್ಕೂ ಮುಗೀತೀನಿ. ಆ ಗಡ್ಡದ ಕೂಸ ಕೊಡ್ಬೇಡ ಅಂದ ನನ್ ಮಾತ ಕೇಳ್ನಿಲ್ಲ. ಅದಕ್ಕೆ ದಿನಾ ಮುಗೀತೀನಿ.

ಯೋಳಾಕೆ ಇನ್ನೇನೂ ಇಲ್ಲ.