ಗೋಲ್‌ಪೋಸ್ಟ್ ಬಳಿ ಆಡಿದ ಕನ್ನಡ

2019ರಲ್ಲಿ ನಾನು ಇಂಗ್ಲಿಷರ ನಾಡಿನ ಗ್ರೀನ್‌ಫರ್ಡ್‌ನ ಒಂದು ಸಣ್ಣ ಕಾಲೇಜಿನಲ್ಲಿ ವಾರಕ್ಕೆ ಎರಡು ದಿನ ಫಿಸಿಯೋಥೆರಪಿಸ್ಟ್ ಆಗಿದ್ದೆ. ಅಲ್ಲಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ನನ್ನ ಯಜಮಾನರು ಶಿವಾನಂದ ಹೆಡ್ ಕೋಚ್. ಹೆಡ್ ಕೋಚ್ ಎಂದರೆ ದೊಡ್ಡ ಹುದ್ದೆಯಂತೆ ಕೇಳಿಸುತ್ತದೆ, ಆದರೆ ಅವರ ಕೈಕೆಳಗೆ ಬೇರೆ ಕೋಚ್ ಯಾರೂ ಇರಲಿಲ್ಲ. ಮಿನಿಬಸ್ ಓಡಿಸುವುದು, ಚೆಂಡಿಗೆ ಗಾಳಿ ತುಂಬುವುದು, ಜೆರ್ಸಿ ಒಗೆಯುವುದು ಎಲ್ಲವೂ ಅವರದೇ. ಬೆಳಗಾವಿಯ ಮೈದಾನಗಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರು ಎಂಥವರಾಗಿದ್ದರು ಎಂದು ಕೇಳಿದವರಿಗೆ ನಾನು ಒಂದು ಪಂದ್ಯದ ಕಥೆ ಹೇಳುತ್ತೇನೆ.

ಮೈದಾನದಲ್ಲಿ ನಾವಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದೆವು. ಯಾರನ್ನು ಹೊರಗೆ ಕರೆಯಬೇಕು, ಯಾರ ಮೊಣಕಾಲು ನೋಯುತ್ತಿದೆ ಎಂಬುದು ಎದುರಾಳಿಗಳಿಗೆ ತಿಳಿಯದಿರಲೆಂದು. ಆಮೇಲೆ ಅದೇ ರೂಢಿಯಾಯಿತು. ನಮ್ಮ ಹುಡುಗಿಯರ ಮುಂದೆಯೇ ಅವರ ಬಗ್ಗೆ ಏನೇನೋ ಆಡಿಕೊಳ್ಳುತ್ತಿದ್ದೆವು.

“ಈಕಿ ಒದ್ದ ಚೆಂಡು ನಮ್ಮ ಮನಿ ಹೊಸ್ತಲಾನೂ ದಾಟೂದಿಲ್ಲ ನೋಡ” ಎಂದು ಅವರು ಗೋಲ್‌ಕೀಪರ್ ಮೇಘನಾಳ ಬಗ್ಗೆ ಅನ್ನುವರು.

“ಸುಮ್ಮನಿರ್ರಿ, ಕೈಯಾದ್ರೂ ಗಟ್ಟಿ ಅದಾವು” ಅನ್ನುವೆ ನಾನು.

ಮೇಘನಾಳ ಮನೆ ರೇನರ್ಸ್ ಲೇನ್‌ನಲ್ಲಿ. ತಂದೆ ತಾಯಿ ಬೆಂಗಳೂರಿನವರು. ಆದರೆ ಅವಳ ಬಾಯಲ್ಲಿ ನಾವು ಕೇಳಿದ್ದು ಇಂಗ್ಲಿಷ್ ಮಾತ್ರ. ಕನ್ನಡ ಅವಳಿಗೆ ತಿಳಿಯುವುದಿಲ್ಲವೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು.

ಆ ವರ್ಷ ನಮ್ಮ ತಂಡ ಕಾಲೇಜುಗಳ ಕಪ್‌ನ ಸೆಮಿಫೈನಲ್ ಮುಟ್ಟಿತು. ಯಜಮಾನರ ಹದಿನೈದು ವರ್ಷದ ಕೆಲಸದಲ್ಲಿ ಅದೇ ಮೊದಲು. ಫೈನಲ್ ಎಂಬ ಮಾತನ್ನು ಅವರು ಬಾಯಿಬಿಟ್ಟು ಆಡಲಿಲ್ಲ. ಬೂಟಿಗೆ ಮಾತ್ರ ದಿನಾ ಪಾಲಿಶ್ ಹಾಕತೊಡಗಿದರು.

ಬುಧವಾರ ಮಧ್ಯಾಹ್ನದ ಪಂದ್ಯ. ಕೊನೆಯ ಕಾಲು ಗಂಟೆ ಉಳಿದಿದ್ದಾಗ ಎರಡೂ ಕಡೆ ಒಂದೊಂದು ಗೋಲು. ಚೆಂಡಿಗೆ ಹಾರಿದ ಮೇಘನಾಳ ತಲೆಗೆ ಎದುರಾಳಿಯ ಮೊಣಕಾಲು ಬಡಿಯಿತು. ಚೀಲ ಹಿಡಿದು ಓಡಿದೆ. ತಲೆಗೆ ಏಟು ಬಿದ್ದು ಮಿದುಳು ಅಲುಗುವುದಕ್ಕೆ ಕನ್‌ಕಶನ್ ಎನ್ನುತ್ತಾರೆ. ಅದು ಹೊರಗೆ ಕಾಣುವುದಿಲ್ಲ, ಇನ್ನೊಂದು ಏಟು ಬಿದ್ದರೆ ಜೀವಕ್ಕೇ ಕುತ್ತು. ಅದಕ್ಕೇ ಕೆಲವು ಪ್ರಶ್ನೆ ಕೇಳುತ್ತೇವೆ. ಇದು ಯಾವ ಮೈದಾನ? ಕೊನೆಯ ಗೋಲು ಯಾರದು? ಹಿಂದಿನ ಪಂದ್ಯ ಯಾರ ಜೊತೆ? ಎಲ್ಲಕ್ಕೂ ಅವಳು ಥಟ್ಟನೆ ಸರಿಯಾಗಿ ಹೇಳಿದಳು. “ಐ ಆಮ್ ಫೈನ್, ಮಿಸ್.” ಆದರೆ ನನ್ನ ಮುಖ ನೋಡದೆ, ಪಕ್ಕದ ಗೋಲ್‌ಪೋಸ್ಟ್ ನೋಡುತ್ತ ಹೇಳಿದಳು. ಇದು ಏಟಿನಿಂದಲೋ, ಆಟದ ಗಡಿಬಿಡಿಯಿಂದಲೋ ನನಗೆ ತಿಳಿಯಲಿಲ್ಲ. ಇನ್ನೊಬ್ಬ ಗೋಲ್‌ಕೀಪರ್ ಜ್ವರವೆಂದು ಮನೆಯಲ್ಲಿದ್ದಳು.

ರೆಫರಿಯ ಅನುಮತಿ ಪಡೆದು ಯಜಮಾನರು ಬಂದರು. “ಹೆಂಗ ಐತಿ?”

“ಎಲ್ಲಾ ಸರಿ ಹೇಳ್ಯಾಳ. ಯಾಕೋ ಕಣ್ಣು ಸರಿ ಕಾಣವಲ್ದು.”

“ಸಂಶಯ ಐತೋ ಇಲ್ಲೋ, ಒಂದು ಹೇಳ.”

“ಐತಿ ಅಂದ್ರ ಗೋಲಿನ್ಯಾಗ ನಿಲ್ಲಾಕ ಯಾರದಾರ್ರೀ? ಇಷ್ಟು ವರ್ಷಕ್ಕ ಇಲ್ಲೀಮಟ ಬಂದೀರಿ.”

“ಅದನ್ನ ನಾ ಕೇಳಿಲ್ಲ.” ಅವರು ದನಿ ಏರಿಸಲಿಲ್ಲ. “ಸೋತ್ರ ಸೋಲೂಣು. ಇನ್ನೊಬ್ಬರ ಮಗಳ ತಲಿ ಒತ್ತೆ ಇಟ್ಟು ನನಗ ಫೈನಲ್ ಬ್ಯಾಡ.”

ಮೇಘನಾ ತಲೆ ತಗ್ಗಿಸಿದಳು. ಆಮೇಲೆ ನನ್ನ ತೋಳು ಹಿಡಿದು ಹೇಳಿದಳು. “ಆಂಟಿ, ಎಲ್ಲಾ ಎರಡೆರಡು ಕಾಣ್ತಿದೆ. ಸರ್‌ಗೆ ಫೈನಲ್ ಬೇಕಲ್ವಾ ಅಂತ ಹೇಳ್ಲಿಲ್ಲ.”

ನಾವಿಬ್ಬರೂ ದಂಗಾದೆವು. “ಕನ್ನಡ ಬರ್ತೈತೇನವಾ ನಿನಗ?” ಎಂದರು ಅವರು.

“ಬರುತ್ತೆ ಸರ್.” ಅಳುತ್ತಲೇ ನಕ್ಕಳು. “ನನ್ನ ಕಿಕ್ ಬಗ್ಗೆ ನೀವು ಹೇಳೋದೂ ಗೊತ್ತು.”

ನಾನು ಅವಳ ಜೊತೆ ಆಂಬುಲೆನ್ಸ್ ಹತ್ತಿದೆ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಮೊದಲೆರಡು ದಿನ ವಿಶ್ರಾಂತಿ, ಕೆಲವು ವಾರ ಆಟ ಬಂದ್, ಆಮೇಲೆ ಸರಿಹೋದಳು. ಮಿಡ್‌ಫೀಲ್ಡ್‌ನ ಹುಡುಗಿಯೊಬ್ಬಳು ಗೋಲಿನಲ್ಲಿ ನಿಂತಳು. ನಾವು 3–1ರಿಂದ ಸೋತೆವು. ಸೆಮಿಫೈನಲ್ ಯಜಮಾನರಿಗೆ ಮತ್ತೆ ಸಿಗಲಿಲ್ಲ. ಅದರ ಬಗ್ಗೆ ಅವರು ಕೊರಗಿದ್ದನ್ನು ನಾನು ನೋಡಲಿಲ್ಲ. ಒಬ್ಬರೇ ಇದ್ದಾಗ ಕೊರಗಿರಬಹುದು.

ಆ ದಿನ ನನ್ನ ವೃತ್ತಿ ಒಂದು ಪಾಠ ಕಲಿಸಿತು. ನಮ್ಮ ಪ್ರಶ್ನೆಗಳು ನೆನಪನ್ನು ಪರೀಕ್ಷಿಸಬಲ್ಲವು, ನೋವನ್ನು ಹೊರಗೆ ತರಲಾರವು. ತನ್ನಿಂದ ಯಾರ ಆಸೆಯೂ ಮುರಿಯುವುದಿಲ್ಲ ಎಂದು ಖಾತ್ರಿಯಾದಾಗಲೇ ರೋಗಿ ನಿಜ ಹೇಳುವುದು.

ಕಳೆದ ಚಳಿಗಾಲ ಆಸ್ಪತ್ರೆಯಲ್ಲಿ ನರ್ಸ್ ಏನು ಕೇಳಿದರೂ ಯಜಮಾನರು “ಫೈನ್, ಫೈನ್” ಎನ್ನುತ್ತಿದ್ದರು. ಮನೆಗೆ ಬರುತ್ತೇನೆಂದು ನನಗೆ ಮಾತು ಕೊಟ್ಟಿದ್ದರು. ಅವರ ಕೈ ಹಿಡಿದು, “ಮನೀಗಿ ಬರಾಕ ಆಗದಿದ್ರೂ ನನಗ ನಡೀತೈತಿ. ಎಲ್ಲಿ ನೋವೈತಿ ಹೇಳ್ರಿ” ಎಂದೆ.

“ಬೆನ್ನಾಗ” ಎಂದರು. “ಭಾಳ.”

ನಾನು ನರ್ಸನ್ನು ಕರೆದೆ.