ಶೈಲಮ್ಮನ ರಬಾಬ್

ಧಾರವಾಡದ ಶೈಲಮ್ಮ ಮದುವೆಯಾಗಿ ಅಮೆರಿಕದ ಹೋಬೋಕನ್ನಿಗೆ ಬಂದಾಗ ಗಂಡ ಪಂಚಾಕ್ಷರಿ ಫ್ರಿಜ್ಜು, ಟೀವಿ, ಕಾರು ಎಲ್ಲವನ್ನೂ ಸಿದ್ಧವಾಗಿಟ್ಟಿದ್ದರು. ಮಾತಾಡಲು ಒಬ್ಬ ಮನುಷ್ಯನನ್ನು ಒದಗಿಸುವುದನ್ನು ಮಾತ್ರ ಮರೆತಿದ್ದರು. ಆ ಕೊರತೆ ತುಂಬಿದ್ದು ಮೇಲಿನ ಮನೆಯ ತಂತಿಯ ನಾದ. ಕಾಬೂಲಿನಿಂದ ಮಗನ ಮನೆಗೆ ಬಂದಿದ್ದ ಗುಲಾಮ್ ಸಾಹೇಬರು ರಬಾಬ್ ನುಡಿಸುತ್ತಿದ್ದರು. ಶೈಲಮ್ಮ ಕಿವಿಗೊಟ್ಟು ಕೇಳಿದರೆ ಅದು ತಮ್ಮೂರಿನ ಯಮನ್ ರಾಗವೇ. ಮರುದಿನವೇ ಹೋಗಿ ಶಿಷ್ಯೆಯಾದರು. ಸಾಹೇಬರು ಊರಿಗೆ ಮರಳುವಾಗ ವಾದ್ಯವನ್ನು ಅವರಿಗೇ ಕೊಟ್ಟು ಹೋದರು.

ಹಿಪ್ಪುನೇರಳೆಯ ಒಂದೇ ಕೊರಡಿನಿಂದ ಕೊರೆದ ಆ ವಾದ್ಯವನ್ನು ಒಮ್ಮೆಯಾದರೂ ನಾಲ್ಕು ಜನರ ಮುಂದೆ ನುಡಿಸಬೇಕೆಂಬುದು ಶೈಲಮ್ಮನಿಗಿದ್ದ ಒಂದೇ ಆಸೆ. 1974ರ ನವರಾತ್ರಿಗೆ ನಮ್ಮ ಕನ್ನಡ ಬಳಗ ಅವಕಾಶ ಕೊಟ್ಟಿತು. ಔದಾರ್ಯವೇನಲ್ಲ, ವೀಣೆಯವರು ಕೈಕೊಟ್ಟಿದ್ದರು. ಎಡಿಸನ್ ಊರಿನ ಚರ್ಚೊಂದರ ನೆಲಮಾಳಿಗೆಯಲ್ಲಿ ಸರಸ್ವತಿಯನ್ನು ಕೂರಿಸಿ, ಪಕ್ಕದಲ್ಲಿ ರಬಾಬನ್ನೂ ಡಾಕ್ಟರ್ ಸೂರ್ಯನಾರಾಯಣರ ಮೃದಂಗವನ್ನೂ ಇಟ್ಟು, ಎರಡಕ್ಕೂ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದೆವು.

ಪ್ರಸಾದ ಹಂಚುವಾಗ ಪದ್ಮಜಾ ರಬಾಬಿನ ಬಿಳಿ ಹೊಟ್ಟೆಯನ್ನು ಸವರಿ, ಇದು ಯಾವ ಪ್ಲಾಸ್ಟಿಕ್ ಎಂದು ವಿಚಾರಿಸಿದರು. ಶೈಲಮ್ಮ ಹೆಮ್ಮೆಯಿಂದ, ಆಡಿನ ಚರ್ಮ ಎಂದರು. ಪದ್ಮಜಾ ಕೈ ತೊಳೆಯಲು ಓಡಿದರು. ಸುದ್ದಿ ಅವರ ಪತಿ, ಬಳಗದ ಕಾರ್ಯದರ್ಶಿ ಕೃಷ್ಣಸ್ವಾಮಿಯವರಿಗೆ ಮುಟ್ಟಿತು. ಮಡಿಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಆಫೀಸಿನ ಕ್ರಿಸ್‌ಮಸ್ ಪಾರ್ಟಿಯ ದಿನ ಮಾತ್ರ ವಿನಾಯಿತಿ.

"ತಪ್ಪು ತಿಳ್ಕೋಬೇಡಿ ಶೈಲಮ್ಮನೋರೇ, ದೇವರ ಹತ್ರ ಚರ್ಮ ಬೇಡ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಬಾಗಿಲ ಹತ್ರ ಕೂತು ನುಡಿಸಿ," ಎಂದರು.

ಬಾಗಿಲ ಬಳಿ ಇದ್ದದ್ದು ನಮ್ಮೆಲ್ಲರ ಚಪ್ಪಲಿ, ಬೂಟುಗಳ ರಾಶಿ. ಶೈಲಮ್ಮನ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿಯಿತು. ಉಳಿದವರು ಕೇಸರಿಭಾತಿನಲ್ಲಿ ಗೋಡಂಬಿ ಹುಡುಕುತ್ತಿದ್ದರು.

ಶೈಲಮ್ಮ ರಬಾಬನ್ನು ಎತ್ತಿಕೊಂಡರು. ದೇವಿಯ ಪಕ್ಕದಲ್ಲೇ ಉಳಿದ ಮೃದಂಗದ ಕಡೆ ಕೈ ತೋರಿಸಿ ಕೇಳಿದರು: "ಹಂಗಾರ ಅದಕ್ಕ ಬದನಿಕಾಯಿ ಸಿಪ್ಪಿ ಹೊದಿಸ್ಯಾರೇನ್ರಿ?"

ಡಾಕ್ಟರು ಎದ್ದರು, ತಮ್ಮ ಮೃದಂಗವನ್ನು ಹೊತ್ತುಕೊಂಡು ಬಾಗಿಲಿಗೆ ಹೊರಟ ಶೈಲಮ್ಮನ ಹಿಂದೆಯೇ ನಡೆದರು. ಇಬ್ಬರೂ ಬೂಟುಗಳನ್ನು ಬದಿಗೆ ಸರಿಸಿ, ಜಮಖಾನ ಹಾಸಿ ಕೂತರು. ಯಮನ್ ಶುರುವಾಯಿತು. ಆ ನಾದ ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಯಾರಿಂದಾಗುತ್ತದೆ? ಮೊದಲು ಪಂಚಾಕ್ಷರಿ, ಆಮೇಲೆ ನಾನು, ಆಮೇಲೆ ಕೈ ತೊಳೆದು ಬಂದ ಪದ್ಮಜಾ, ಹೀಗೆ ಎಲ್ಲರೂ ಕುರ್ಚಿಗಳನ್ನು ಬಾಗಿಲ ಕಡೆ ತಿರುಗಿಸಿಕೊಂಡೆವು.

ಕೊನೆಗೆ ದೇವಿಯ ಪಕ್ಕದಲ್ಲಿ ಉಳಿದದ್ದು ಕೃಷ್ಣಸ್ವಾಮಿಯವರು ಮತ್ತು ಅವರ ಸೊಂಟದ ಚರ್ಮದ ಬೆಲ್ಟು.